ಪ್ರಾರ್ಥನೆಗೊಂದು ತಿದ್ದುಪಡಿ

ಪತ್ರಿಕೆಯಲ್ಲಿ ಇಪ್ಪತ್ತೈದು ವರ್ಷ ದುಡಿದವನಿಗೆ ದೇವರ ಮಾತನ್ನೂ ಒಂದೇಟಿಗೆ ನಂಬಲಾಗುವುದಿಲ್ಲ. ಇನ್ನೊಂದು ಕಡೆಯವರನ್ನೂ ಕೇಳಿ ನೋಡೋಣ ಅನ್ನಿಸುತ್ತದೆ. ಇದು ಹೆಮ್ಮೆಯ ಮಾತಲ್ಲ, ರೋಗದ ಲಕ್ಷಣ. ಈ ರೋಗಿಯ ಕೈಗೆ ಪ್ರಾರ್ಥನೆ ಬರೆಯುವ ಕೆಲಸ ಕೊಟ್ಟವರು ನಮ್ಮ ಚರ್ಚಿನ ಅಚ್ಚನ್. ಕೇರಳದ ಗಡಿಯೂರು ಪುಲ್ಪಳ್ಳಿಯಲ್ಲಿ ಪಾದ್ರಿಗಳನ್ನು ಎಲ್ಲರೂ, ಹೊಳೆಯಾಚೆಯಿಂದ ಬಂದ ನಾವು ಹತ್ತು ಕನ್ನಡದ ಮನೆಯವರೂ, ಹಾಗೇ ಕರೆಯುವುದು. "ನಿಮ್ಮವರು ಮಲಯಾಳದಲ್ಲಿ ಪ್ರಾರ್ಥಿಸಿದರೆ ಬಾಯಿ ಆಡುತ್ತದೆ, ಕಣ್ಣು ಒದ್ದೆಯಾಗುವುದಿಲ್ಲ. ನೀವು ಬರೆಯುವವರಲ್ಲವೇ, ಬರೆದುಕೊಡಿ," ಎಂದರು.

ತಿಂಗಳಿಗೊಂದು ಮನೆಯಲ್ಲಿ ಸೇರಿ ಪ್ರಾರ್ಥಿಸಿ, ಬೇಯಿಸಿದ ಮರಗೆಣಸು ತಿಂದು, ಕರಿಕಾಪಿ ಕುಡಿದು ಏಳುವುದು ನಮ್ಮ ಪದ್ಧತಿ. ಆ ಮನೆಯವರನ್ನು ನಾನು ಮೊದಲೇ ಕಂಡು, ಕೋರಿಕೆಗಳನ್ನು ಗುರುತು ಮಾಡಿಕೊಂಡು, ಪರಿಶೀಲಿಸಿ ಬರೆಯುತ್ತಿದ್ದೆ. ಒಬ್ಬರ ಮಂಡಿನೋವಿಗೆ ಪ್ರಾರ್ಥಿಸುವ ಮುನ್ನ ಯಾವ ಮಂಡಿ ಎಂದು ಕೇಳಿದೆ. "ದೇವರಿಗೆ ಗೊತ್ತು ಬಿಡಿ," ಅಂದರು. ಗೊತ್ತಿರಬಹುದು; ಬರಹದಲ್ಲೂ ಇರಬೇಕಲ್ಲ. ನನ್ನ ಪ್ರಾರ್ಥನೆ ಕೇಳಿದ ದೇವರು ಮುಂದಿನ ಪುಟ ತಿರುಗಿಸುತ್ತಾನೆ ಎಂಬುದು ನನ್ನ ಹೆಂಡತಿ ಲಿಲ್ಲಿಯ ಅಭಿಪ್ರಾಯ.

ಹೋದ ತಿಂಗಳು ಅನ್ನಮ್ಮಕ್ಕನ ಮನೆಯ ಸರದಿ. ಮರುವಾರ ಅವರಿಗೆ ಹೃದಯದ ಆಪರೇಷನ್. "ಅದಕ್ಕೆ ಡಾಕ್ಟರ್ ಇದ್ದಾರೆ. ನೀನು ರೋಸಳ ವಿಷಯ ಬರಿ ಮಗನೇ. ಅವಳ ಜೊತೆ ಮಾತಾಡದೆ ನಾನು ಆ ಮೇಜಿನ ಮೇಲೆ ಮಲಗೋದಿಲ್ಲ," ಎಂದರು. ರೋಸಕ್ಕ ಅವರ ನಾದಿನಿ, ಪಕ್ಕದ ತೋಟ. ಗಡಿಯಲ್ಲಿದ್ದ ಅನ್ನಮ್ಮಕ್ಕನ ಮೆಣಸಿನ ಬಳ್ಳಿ ಒಂದು ಬೆಳಿಗ್ಗೆ ಬುಡ ಕಡಿದು ಬಿದ್ದಿತ್ತು. ಕಡಿದವಳು ರೋಸ ಎಂದು ಅನ್ನಮ್ಮಕ್ಕ ಊರಿಗೆಲ್ಲ ಹೇಳಿದರು. ಅಂದಿನಿಂದ ಮೂರು ವರ್ಷ ಮಾತಿಲ್ಲ.

ರೋಸಕ್ಕನನ್ನೂ ಕೇಳಬೇಕಲ್ಲ, ಅವರ ಗೇಟಿನವರೆಗೆ ಹೋದೆ. ಒಳಗೆ ನಾಯಿ ಬೊಗಳಿತು. ಅದರ ಹಿಂದೆಯೇ ರೋಸಕ್ಕನ ದನಿಯೂ ಕೇಳಿತು. ಎರಡರಲ್ಲಿ ಯಾವುದನ್ನು ಕಟ್ಟಿಹಾಕಿದ್ದಾರೆ ಎಂದು ಖಚಿತವಾಗಲಿಲ್ಲ. ಕೇಳದೆಯೇ ಮನೆಗೆ ಬಂದು, ಇಂಥ ಕಡೆ ಪತ್ರಿಕೆಯವರು ಹಾಕುವ ಹಳೆಯ ಸಾಲನ್ನೇ ಹಾಕಿದೆ.

ಪ್ರಾರ್ಥನೆಗೆ ರೋಸಕ್ಕ ಬಂದರು; ಬಾರದಿದ್ದರೆ ಊರು ಗಮನಿಸುತ್ತದೆ. ಜಗಲಿಯ ತುದಿಯಲ್ಲಿ, ತಮ್ಮ ಚಪ್ಪಲಿಗೆ ಹತ್ತಿರವಾಗಿ ಕೂತರು. ನಾನು ಓದಿದೆ: "ಪ್ರಭುವೇ, ಬಳ್ಳಿ ಕಡಿದ ಆರೋಪದಿಂದ ದೂರವಾದ ಈ ಎರಡು ಮನೆಗಳನ್ನು ನೋಡು. ರೋಸಕ್ಕನವರು ಆರೋಪವನ್ನು ಅಲ್ಲಗಳೆದಿದ್ದಾರೆ..."

"ನಿಲ್ಲಿಸಪ್ಪಾ!" ರೋಸಕ್ಕ ಎದ್ದರು. "ನಾನು ಯಾವಾಗ ಅಲ್ಲಗಳೆದೆ? ನನ್ನನ್ನ ಯಾರು ಕೇಳಿದ್ರು? ಕರ್ತನ ಮುಂದೆ ನನ್ನ ಹೆಸರಲ್ಲಿ ಸುಳ್ಳು ಓದ್ತೀಯಾ? ಸಿಟ್ಟಲ್ಲಿ ಕಡಿದದ್ದು ನಾನೇ!"

ನಾನು ಹಾಳೆ ಮಡಚಿಟ್ಟೆ.

"ಇದನ್ನ ಹೇಳೋಕೆ ಮೂರು ವರ್ಷ ಬೇಕಾಯ್ತೇನೇ?" ಅಂದರು ಅನ್ನಮ್ಮಕ್ಕ.

"ನೀವು ಊರಿಗೆಲ್ಲ ಹೇಳಿದ್ರಿ ಅತ್ತಿಗೆ. ನನ್ನನ್ನ ಒಂದು ಮಾತು ಕೇಳಿದ್ರಾ?"

"ಈಗ ಕೇಳ್ತಿದೀನಲ್ಲ. ಒಳಗೆ ಬಾ, ಗೆಣಸು ಆರ್ತಿದೆ."

ರೋಸಕ್ಕ ಒಳಗೆ ಬಂದರು. "ಆಸ್ಪತ್ರೇಲಿ ಜೊತೆಗೆ ಯಾರಿರ್ತಾರೆ?" ಎಂದರು. ಉತ್ತರಕ್ಕೂ ಕಾಯದೆ, "ನಾನಿರ್ತೀನಿ. ಬಂದ ಮೇಲೆ ಹೊಸ ಬಳ್ಳಿ ನೆಡಿಸ್ತೀನಿ," ಅಂದರು.

"ಕತ್ತಿ ಮಾತ್ರ ನನ್ನ ಮನೇಲಿರಲಿ," ಅಂದರು ಅನ್ನಮ್ಮಕ್ಕ.

ಪರಿಶೀಲಿಸಿ ಬರೆದ ನನ್ನ ಯಾವ ಸುದ್ದಿಯಿಂದಲೂ ಇಬ್ಬರು ಒಂದಾದ ನೆನಪಿಲ್ಲ. ಆದರೂ ಕೇಳದೆ ಬರೆದದ್ದು ತಪ್ಪು ತಪ್ಪೇ. ಭಾನುವಾರ ಪಾಪನಿವೇದನೆಗೆ ಮಂಡಿಯೂರಿ ಹೇಳಿಕೊಂಡೆ. ಪರದೆಯಾಚೆಯಿಂದ ಅಚ್ಚನ್ ಮೆಲ್ಲಗೆ, "ಮುಂದಿನ ತಿಂಗಳು ಜಗಳವಾಡಿ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಯ ಸರದಿ. ಅವರನ್ನೂ ಕೇಳಬೇಡಿ," ಎಂದರು.

ಕಷ್ಟವೆಂದರೆ, ಅವರ ಮನೆಯಲ್ಲಿ ನಾಯಿ ಇಲ್ಲ. ಈ ಸಲ ಕೇಳದೆ ಹಿಂತಿರುಗಲು ನನಗೆ ಬೇರೆ ನೆಪ ಬೇಕು.