ಕುರ್ಚಿಯಲ್ಲಿ ಕೂತ ಮೇಲೆ ಪರೀಕ್ಷೆ

ಮನೆತನಕ್ಕೆ ಮೊದಲ ಪದವೀಧರನಾದವನು ಆಮೇಲೆ ಯಾವ ಪರೀಕ್ಷೆಯನ್ನೂ ಬರೆಯಬಾರದು. ಅವನಿಗೆ ಕಷ್ಟವೆಂದಲ್ಲ, ಮನೆಯವರಿಗೆ ತಾಳಿಕೊಳ್ಳಲಾಗುವುದಿಲ್ಲ. ಕುರಿ ಕಾಯುವವರ ಮನೆಯಿಂದ ಬಂದು ಎಂ.ಲಿಬ್. ಮಾಡಿದವನು ನಾನು, ಯಾರೂ ಕೇಳದಿದ್ದರೂ ಹೇಳಿಕೊಳ್ಳುತ್ತೇನೆ. ಕೂಡ್ಲಿಗಿಯ ಗ್ರಂಥಾಲಯದ ಮುಖ್ಯಸ್ಥನಾಗಿ ತಲೆ ನರೆತ ಮೇಲೆ ಆದೇಶ ಬಂತು: ಮುಖ್ಯಸ್ಥರೆಲ್ಲ ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಪ್ರಮಾಣಪತ್ರ ತರಬೇಕು, ಇಲ್ಲವಾದರೆ ಕುರ್ಚಿ ಬೇರೆಯವರಿಗೆ.

ಕಾನಹೊಸಹಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದ ಅವ್ವನಿಗೆ ಹೇಳಿದೆ. “ಎಲ್ಲಾ ಓದಿ ಮುಗಿಸೀನಿ ಅಂದಿದ್ದೆಲ್ಲೋ?” ಅಂದಳು. “ಇದು ಗ್ರಂಥಾಲಯ ನಡೆಸೋ ತರಬೇತಿ ಬೇ” ಅಂದೆ. “ಹಂಗಾರ ಇಷ್ಟು ವರ್ಷ ಏನೂ ಬರ್ಲಾರ್ದ ಕುಂತಿದ್ದೇನು?” ಈ ಪ್ರಶ್ನೆ ಇಲಾಖೆಯವರಿಗೂ ಹೊಳೆದಿರಲಿಕ್ಕಿಲ್ಲ.

ಓಣಿಯಲ್ಲಿ ಸುದ್ದಿ ಬೇರೆಯೇ ಆಯಿತು. ಎದುರುಮನೆಯ ಗಂಗಮ್ಮತ್ತೆ ಬಂದು, “ನಿನ್ನ ಮಗ ಹಳೇ ಪರೀಕ್ಷ್ಯಾಗ ಫೇಲಾಗಿದ್ದನಂತಲ್ಲ, ಈಗ ಗೊತ್ತಾತಂತ” ಅಂದಳಂತೆ. ಅವ್ವ ಮಲಗಿದಲ್ಲಿಂದಲೇ, “ಫೇಲಾಗಾಕಾದ್ರೂ ನನ್ನ ಮಗ ಹೋಗ್ಯಾನ. ನಿನ್ನವು ಸಾಲಿ ಮೆಟ್ಲ ತುಳದಾವೇನು?” ಅಂದಳಂತೆ. ಅವ್ವನ ಜೊತೆಗೇ ಇದ್ದ ತಮ್ಮ ಇದನ್ನು ಹೇಳಿದಾಗ ನಕ್ಕೆ. ಆಮೇಲೆ ಹೊಳೆಯಿತು, ಫೇಲಾಗಿಲ್ಲ ಅಂತ ಅವಳು ಅಂದೇ ಇಲ್ಲ, ಅವ್ವನಿಗೂ ಅನುಮಾನ ಬಂದಿದೆ. ಕುರ್ಚಿ ಹೋದರೆ ಹೋಗಲಿ, ಪಾಸಾಗಿ ಅವಳ ಎದುರು ನಿಲ್ಲಬೇಕು.

ತರಬೇತಿಯಲ್ಲಿ ಪಾಠ ಹೇಳಿದವರು ನನ್ನ ಮಗಳ ವಯಸ್ಸಿನವರು. ಸಿಟ್ಟಿಗೆದ್ದ ಓದುಗನನ್ನು ಸಮಾಧಾನಪಡಿಸುವ ಅಭಿನಯದಲ್ಲಿ ನನಗೆ ಓದುಗನ ಪಾತ್ರ. ಚೆನ್ನಾಗಿಯೇ ಮಾಡಿದೆ, ಇಷ್ಟು ವರ್ಷ ಬೈಸಿಕೊಂಡಿದ್ದೆಲ್ಲ ಒದಗಿಬಂತು. ಕೊನೆಯ ದಿನ ಪರೀಕ್ಷೆ. ಮೊಬೈಲುಗಳನ್ನು ಹೊರಗೆ ಇಡಿಸಿಕೊಂಡರು. ‘ಓದುಗ ಕೇಳಿದಾಗ ಗ್ರಂಥಪಾಲಕ ಎದುರಿಗಿರಬೇಕು, ವಿವರಿಸಿ’ ಎಂಬ ಪ್ರಶ್ನೆಗೆ ಪುಟಗಟ್ಟಲೆ ಬರೆದೆ. ಹೊರಗೆ ಬಂದು ನೋಡಿದರೆ ತಮ್ಮನ ಕರೆಗಳು. ಅವ್ವ ಹೋಗಿದ್ದಳು. ನಾನೆಲ್ಲಿ ಅಂತ ಕೇಳುತ್ತಲೇ ಇದ್ದಳಂತೆ.

ಮಣ್ಣು ಮುಗಿದ ಮೇಲೆ ಗಂಗಮ್ಮತ್ತೆ ನನ್ನ ಬೆನ್ನು ಸವರಿದಳು. “ಅವತ್ತು ಮುಂಜಾನಿ ಓಣಿ ಮಂದಿನೆಲ್ಲಾ ಕರೆಸಿದ್ಲಪಾ. ನನ್ನ ಮಗ ಪಾಸಾದ ಅಂತ ಸಕ್ರಿ ಹಂಚಿಸಿದ್ಲು.”

ನಾನಿನ್ನೂ ಪ್ರಶ್ನೆಪತ್ರಿಕೆಯನ್ನೇ ನೋಡಿರದ ಹೊತ್ತು ಅದು.

ಭಯ ಹತ್ತಿದ್ದು ಆಗ. ಫೇಲಾದರೆ ಸುಳ್ಳಾಗುವವಳು ಅವ್ವ. ಎಂ.ಲಿಬ್. ಮಾಡಿದವನು ಮೈಲಾರಲಿಂಗನಿಗೆ ಹರಕೆ ಹೊತ್ತೆ. ಕಡೆಗೆ ಫಲಿತಾಂಶ ಬಂತು, ಪಾಸು. ಪ್ರಮಾಣಪತ್ರ ಹಿಡಿದು ಬಸ್ಸಿಳಿದವನೇ ಗಂಗಮ್ಮತ್ತೆಯ ಕಟ್ಟೆಗೆ ಹೋದೆ. ಅತ್ತೆ ಶೇಂಗಾ ಸುಲಿಯುತ್ತ ಕೂತಿದ್ದಳು.

“ಪಾಸಾದೆ ಅತ್ತಿ.”

“ಹಳೇ ಸುದ್ದಿ ಬಿಡೋ ಅಳಿಯಾ,” ಅಂದಳು, ತಲೆಯೆತ್ತದೆ. “ನಿಮ್ಮವ್ವ ಹೇಳಿದ ಮ್ಯಾಲೆ ಮತ್ತ ಕಾಗದ ಯಾತಕ್ಕ?”

ಪ್ರಮಾಣಪತ್ರವನ್ನು ಪಕ್ಕಕ್ಕಿಟ್ಟು ನಾನೂ ಶೇಂಗಾ ಸುಲಿಯತೊಡಗಿದೆ. ಆ ಕೆಲಸಕ್ಕೆ ಯಾರೂ ತರಬೇತಿ ಕೇಳಲಿಲ್ಲ.