ವಾಸವಿದ್ದಾರೆಂದು ದೃಢೀಕರಿಸುತ್ತೇನೆ

ನಮ್ಮ ಓನರ್ ಅಂಕಲ್ ಸುಳ್ಳು ಹೇಳುವವರಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ದೂರು! ಸತ್ಯಸಂಧರ ಕಥೆ ಕೇಳಲು ಬಹಳ ಚೆನ್ನ. ಅವರ ಮನೆಯಲ್ಲಿ ಒಮ್ಮೆ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಮಾತಾಡೋಣ.

ನನಗೆ ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚ್‌ನಲ್ಲಿ ಹೊಸ ಕೆಲಸ ಸಿಕ್ಕಿತು. ಗಂಡನ ಕೆಲಸ ಲಾಸ್ ಏಂಜಲೀಸಿನ ಸ್ಯಾನ್ ಪೀಡ್ರೊ ಬಂದರಿನಲ್ಲೇ ಉಳಿಯಿತು. ಹಾಗಾಗಿ ನಾನೂ ಆರು ವರ್ಷದ ಮಗಳು ಇಂಚರಳೂ ಇಲ್ಲಿಗೆ ಬಂದು, ರ್ಯಾಂಚೊ ಪೆನಾಸ್ಕಿಟೋಸ್ ಬಡಾವಣೆಯಲ್ಲಿ ಈ ಅಂಕಲ್ ಮನೆಯ ಹಿಂಭಾಗದ ಎರಡು ಕೋಣೆ ಹಿಡಿದೆವು. ಗಂಡ ಶುಕ್ರವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೊರಡುವುದೆಂದಾಯಿತು.

ಅಂಕಲ್ ಟೆಲಿಕಾಂ ಕಂಪನಿಯೊಂದರ ಟೆಸ್ಟಿಂಗ್ ವಿಭಾಗದಲ್ಲಿದ್ದು ರಿಟೈರ್ ಆದವರು. ಕಂಪನಿ ಬಿಟ್ಟರೇ ಹೊರತು ಟೆಸ್ಟಿಂಗ್ ಬಿಡಲಿಲ್ಲ. ಹಾಲಿನ ಕ್ಯಾನಿನ ಮೇಲೆ ಅಚ್ಚಾದ ತಾರೀಕನ್ನು ಅವರು ನಂಬುವುದಿಲ್ಲ. ಒಂದು ಲೋಟ ಕಾಯಿಸಿ, ಒಡೆಯದಿದ್ದರೆ ಕ್ಯಾನಿಗೆ ‘ಪಾಸ್’ ಎಂದು ಚೀಟಿ ಅಂಟಿಸುತ್ತಾರೆ. ಮೊದಲ ದಿನ ನಾನು ಪ್ರೀತಿಯಿಂದ ಕೊಟ್ಟ ಸಾರಿಗೆ ಸಿಕ್ಕಿದ್ದು ‘ಕಂಡೀಷನಲ್ ಪಾಸ್’. ಉಪ್ಪು ಕಮ್ಮಿಯಂತೆ!

ಇಂಥವರ ಸಹಿ ನನಗೆ ಬೇಕಾಯಿತು. ಇಂಚರಳನ್ನು ಹತ್ತಿರದ ಶಾಲೆಗೆ ಸೇರಿಸಲು ಹೋದರೆ, ವಿಳಾಸಕ್ಕೆ ದಾಖಲೆ ಕೇಳಿದರು. ನನ್ನ ಹೆಸರಿಗೆ ಒಂದು ಬಿಲ್ಲೂ ಇಲ್ಲ. “ಹಾಗಿದ್ದರೆ ನೀವು ಅವರ ಮನೆಯಲ್ಲಿ ವಾಸವಿದ್ದೀರೆಂದು ಓನರ್ ಸಹಿ ಮಾಡಿದ ಅಫಿಡವಿಟ್ ತನ್ನಿ. ಶುಕ್ರವಾರದೊಳಗೆ ಬರದಿದ್ದರೆ ಸೀಟು ಬೇರೆಯವರಿಗೆ ಹೋಗುತ್ತದೆ” ಎಂದರು. ಸೀಟು ಉಳಿದಿದ್ದ ಇನ್ನೊಂದು ಶಾಲೆ ನನ್ನ ಆಫೀಸಿನ ವಿರುದ್ಧ ದಿಕ್ಕಿನಲ್ಲಿ, ಫ್ರೀವೇ ಆಚೆ. ಮಗಳನ್ನು ಅಲ್ಲಿಗೆ ಬಿಟ್ಟು ಬರುತ್ತಾ ಕೂತರೆ ಹೊಸ ಕೆಲಸ ನನ್ನನ್ನೇ ಬಿಡುತ್ತಿತ್ತು!

ಅಂದು ಬುಧವಾರ. ಅಂಕಲ್ ಫಾರಂ ಹಿಡಿದು, ಕನ್ನಡಕ ಒರೆಸಿ, ಮೊದಲ ಸಾಲಿನಲ್ಲೇ ನಿಂತರು.

“‘ವಾಸವಿದ್ದಾರೆ’ ಅಂತಿದೆಯಲ್ಲಮ್ಮಾ. ಹೆಂಗೆ ಸೈನ್ ಮಾಡ್ಲಿ?”

“ಅಂಕಲ್, ಮೂರು ವಾರದಿಂದ ನಿಮ್ಮ ಕಣ್ಣೆದುರಿಗೇ ಇದೀವಲ್ಲ!”

“ಇದೀರಿ, ಇಲ್ಲ ಅಂದೋರ್ಯಾರು? ಇರೋದು ಬೇರೆ, ವಾಸ ಬೇರೆ. ಹೋಟ್ಲಲ್ಲೂ ಜನ ಇರ್ತಾರೆ. ಸುಳ್ಳು ಬರೆದ್ರೆ ಶಿಕ್ಷೆ ಅಂತ ಕೆಳಗೆ ಹಾಕಿದಾರೆ ನೋಡಿ.”

ಅಲ್ಲೇ, ಅಡುಗೆಮನೆಯಲ್ಲೇ ಮೌಖಿಕ ಪರೀಕ್ಷೆ ಶುರುವಾಯಿತು! ಕಸದ ಗಾಡಿ ಯಾವ ವಾರ ಬರುತ್ತದೆ? ಹೇಳಿದೆ. ಮರುಬಳಕೆ ಕಸದ ನೀಲಿ ಡಬ್ಬಿಗೆ ಏನು ಹಾಕಬಾರದು? ಅದನ್ನೂ ಹೇಳಿದೆ. ಪಕ್ಕದ ಮನೆಯ ನಾಯಿಯ ಹೆಸರೇನು? ನಾನು ಕಿಟಕಿಯಾಚೆ ಇಣುಕಿದೆ. ನೆಲದ ಮೇಲೆ ಚಿತ್ರ ಬರೆಯುತ್ತಿದ್ದ ಇಂಚರ ತಲೆ ಎತ್ತದೆಯೇ ಹೇಳಿದಳು: “ಬಿಸ್ಕಿಟ್! ಹೀ ಈಸ್ ಸ್ಕೇರ್ಡ್ ಆಫ್ ಯೂ, ತಾತ!”

“ಮಗು ಪಾಸು,” ಎಂದರು ಅಂಕಲ್. “ತಾಯಿಗೆ ಸಪ್ಲಿಮೆಂಟರಿ.”

ಗುರುವಾರ ಬೆಳಿಗ್ಗೆ ನಾನು ಬಿಸ್ಕಿಟ್ಟಿನ ಬೆನ್ನು ಸವರಿ, ಅದರ ವಯಸ್ಸು, ತಳಿ ಎಲ್ಲ ಬಾಯಿಪಾಠ ಮಾಡಿಕೊಂಡು ಬಂದು ಪಾಸಾದೆ. ಅಷ್ಟಕ್ಕೆ ಮುಗಿಯಿತೆ? ಫಾರಂನಲ್ಲಿ ವಾಸವಿರುವ ಎಲ್ಲರ ಹೆಸರು ಬರೆಯಬೇಕಿತ್ತು. ನಾನು ತುಂಬಿದ್ದ ಗಂಡನ ಹೆಸರಿನ ಮೇಲೆ ಅಂಕಲ್ ಬೆರಳಿಟ್ಟರು.

“ಇವ್ರು ಶುಕ್ರವಾರ ಬರ್ತಾರೆ, ಸೋಮವಾರ ಹೋಗ್ತಾರೆ. ಇವ್ರು ನೆಂಟರು.”

“ಅಂಕಲ್, ಅವ್ರು ನನ್ನ ಗಂಡ!”

“ಗಂಡ ಅನ್ನೋದಕ್ಕೆ ಮದುವೆ ಸರ್ಟಿಫಿಕೇಟ್ ಇರುತ್ತೆ. ವಾಸಕ್ಕೇನಿದೆ?”

ಹೆಸರು ಹೊಡೆದುಹಾಕಿದರು. ಫೋನಿನಲ್ಲಿ ಸುದ್ದಿ ತಿಳಿಸಿದಾಗ ಗಂಡನಿಗೆ ಒಂದಿಷ್ಟಾದರೂ ಬೇಸರವಾಗಬೇಡವೆ? “ನೆಂಟ್ರ ಕೈಲಿ ಪಾತ್ರೆ ತೊಳೆಸಬಾರ್ದು, ಗೊತ್ತಲ್ವಾ?” ಎಂದ ಮಹಾನುಭಾವ!

ಶುಕ್ರವಾರ, ಸಹಿಯನ್ನು ಶಾಲೆಯವರ ಎದುರಿಗೇ ಮಾಡುತ್ತೇನೆಂದು ಅಂಕಲ್ ಹಟ ಹಿಡಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಂಕುಳಲ್ಲಿ ಫೈಲು ಇಟ್ಟುಕೊಂಡು ನಮ್ಮ ಜೊತೆಗೇ ಬಂದರು. ಶಾಲೆಯ ಆಫೀಸಿನ ಹೆಂಗಸು ಓನರ್ ಅವರ ಇತ್ತೀಚಿನ ಕರೆಂಟು ಬಿಲ್ಲು ಕೇಳಿದಳು. ಅಂಕಲ್ ತೆಗೆದು ಕೊಟ್ಟರು. ಅವಳು ಬಿಲ್ಲು ನೋಡಿದಳು, ಇವರ ಮುಖ ನೋಡಿದಳು.

“ಇದರಲ್ಲಿ ಬೇರೆ ಹೆಸರಿದೆಯಲ್ಲ, ಸರ್?”

“ನನ್ನ ಹೆಂಡತಿ,” ಎಂದರು ಅಂಕಲ್, ಇಂಗ್ಲಿಷಿನಲ್ಲಿ.

“ಓ, ಹಾಗಾದರೆ ಅವರೇ ಬಂದು ಸಹಿ ಮಾಡಬಹುದಾ?”

ಅಂಕಲ್ ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತಾ ನಿಂತರು. ಆಮೇಲೆ ಮೆಲ್ಲಗೆ, ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು ಎಂದರು. ನನ್ನ ಕಡೆ ತಿರುಗಿ, ತಪ್ಪು ಒಪ್ಪಿಕೊಳ್ಳುವವರಂತೆ ಕನ್ನಡದಲ್ಲಿ ಹೇಳಿದರು:

“ಹೆಸ್ರು ಬದಲಾಯ್ಸೋದು ಐದು ನಿಮಿಷದ ಕೆಲ್ಸ ಕಣಮ್ಮಾ. ಎಷ್ಟೋ ಸಲ ಫೋನ್ ಕೈಗೆ ತಗೊಂಡಿದೀನಿ. ಅವಳ ಹೆಸ್ರಿಗೆ ಬರೋ ಟಪಾಲು ಈಗ ಇದೊಂದೇ.”

ಆಫೀಸಿನ ಹೆಂಗಸಿಗೆ ಕನ್ನಡ ಬರುವುದಿಲ್ಲ. ಆದರೂ ಅವಳು ಬಿಲ್ಲನ್ನು ಎರಡು ಕೈಯಿಂದ ಹಿಂದಕ್ಕೆ ಕೊಟ್ಟು, ಮನೆಯ ತೆರಿಗೆ ಕಾಗದವಿದ್ದರೂ ಸಾಕು ಎಂದಳು. ಅದು ಫೈಲಿನಲ್ಲೇ ಇತ್ತು, ಅಂಕಲ್ ಹೆಸರಲ್ಲಿ. ಸಹಿಯಾಯಿತು. ಇಂಚರಳಿಗೆ ಸೀಟು ಸಿಕ್ಕಿತು.

ಸಂಜೆ ಕೆಲಸದಿಂದ ಬರುವಾಗ ಗೇಟಿನ ಟಪಾಲು ಡಬ್ಬಿಯನ್ನು ಈಗ ನಾನೇ ತೆರೆಯುತ್ತೇನೆ. ಎಲ್ಲವನ್ನೂ ಒಳಗೆ ತರುತ್ತೇನೆ. ತಿಂಗಳಿಗೊಮ್ಮೆ ಬರುವ ಆ ಒಂದು ಲಕೋಟೆಯನ್ನು ಮಾತ್ರ ಅಲ್ಲೇ ಬಿಟ್ಟು, ಡಬ್ಬಿಯ ಬಾಗಿಲು ಮೆಲ್ಲಗೆ ಮುಚ್ಚಿ, “ಅಂಕಲ್, ಟಪಾಲು ಬಂದಿದೆ” ಎಂದು ಕೂಗುತ್ತೇನೆ.