ವಾರ್ಡೆಲ್ಲ ಕಾದ ಒಂದು ಸದ್ದು

ನಗಬಾರದ ಜಾಗದಲ್ಲೇ ನಗು ಬರುವಂಥವು ನಡೆಯುತ್ತವೆ. ಆಸ್ಪತ್ರೆಯಲ್ಲಂತೂ ದಿನವೂ. ಅಲ್ಲಿದ್ದಷ್ಟು ಹೊತ್ತು ನಗಲು ಧೈರ್ಯ ಸಾಲುವುದಿಲ್ಲ. ಮನೆಗೆ ಬಂದು, ಬಾಗಿಲು ಹಾಕಿ, ಮಗು ತನ್ನ ಹಾಸಿಗೆಯಲ್ಲಿ ಮಲಗಿರುವುದನ್ನು ಕಣ್ಣಾರೆ ನೋಡಿದ ಮೇಲೆ ಒಂದೊಂದಾಗಿ ನೆನಪಾಗುತ್ತವೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಹೊಟ್ಟೆನೋವೆಂದು ಶಾಲೆಯಿಂದ ಬೇಗ ಬಂದವಳಿಗೆ ಅಪೆಂಡಿಕ್ಸ್ ಒಳಗೇ ಒಡೆದಿದೆ ಎಂದು ಗೊತ್ತಾಗುವಷ್ಟರಲ್ಲಿ ಸಂಜೆಯಾಗಿತ್ತು. ಜೆ.ಪಿ. ನಗರದ ಒಂದು ಆಸ್ಪತ್ರೆಗೆ ಸೇರಿಸಿದೆವು. ಹೆಂಡತಿಗೆ ಅದೇ ವಾರ ಜ್ವರ, ಕೆಮ್ಮು. ಮಕ್ಕಳ ವಾರ್ಡಿನೊಳಗೆ ಅವಳನ್ನು ಬಿಡಲಿಲ್ಲ. ಅವಳು ಗಿರಿನಗರದ ಮನೆಯಲ್ಲಿ ಫೋನು ಹಿಡಿದು ಕುಳಿತಳು, ನಾನು ಮಗಳ ಪಕ್ಕದ ಕುರ್ಚಿಯಲ್ಲಿ. ನಮ್ಮ ಮನೆಯಲ್ಲಿ ಮಾತಿನ ಕೆಲಸವೆಲ್ಲ ಅವಳದು. ಮಾತು ಬೇಕಾದ ಜಾಗಕ್ಕೆ ಮಾತು ಬಾರದವನು ಹೋದಂತಾಯಿತು.

ಪರದೆಯ ಆಚೆ

ಆಪರೇಷನ್ನಿಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರು ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಗಳ ತಲೆ ಸವರಿ, "ನಿನ್ನೆಯಿಂದ ಏನೇನು ತಿಂದೆ ಪುಟ್ಟಾ? ಎಲ್ಲಾ ಹೇಳ್ಬೇಕು" ಎಂದರು.

ಮಗಳು ನೋವಿನಲ್ಲೂ ನನ್ನ ಕಡೆ ನೋಡಿದಳು. "ಅಪ್ಪ ಆಚೆ ಹೋಗ್ಲಿ, ಆಮೇಲೆ ಹೇಳ್ತೀನಿ."

ಹೋದೆ. ಬಟ್ಟೆಯ ಪರದೆಯ ಆಚೆ ನಿಂತವರಿಗೆ ಎಲ್ಲ ಕೇಳಿಸುತ್ತದೆ ಎಂದು ಆ ವಯಸ್ಸಿಗೆ ಹೊಳೆಯುವುದಿಲ್ಲ.

"ನಿನ್ನೆ ಸಂಜೆ ಗೋಬಿ ಮಂಚೂರಿ."

"ಎಷ್ಟು?"

"ಅರ್ಧ ಪ್ಲೇಟು. ಇನ್ನರ್ಧ ಅಮ್ಮ ತಿಂದ್ಲು. ಅಪ್ಪಂಗೆ ಹೇಳ್ಬೇಡಿ, ಅಮ್ಮ ಪ್ರಾಮಿಸ್ ಮಾಡಿಸ್ಕೊಂಡಿದ್ದಾಳೆ."

ರಸ್ತೆ ಬದಿಯ ತಿಂಡಿ ಬೇಡವೆಂಬುದು ನಮ್ಮ ಮನೆಯಲ್ಲಿ ನಾನು ಮಾಡಿದ ಒಂದೇ ಕಾನೂನು. ಡಾಕ್ಟರು ಹೊರಗೆ ಬಂದು, ಗಂಭೀರವಾಗಿ, "ಗೋಬಿಯಿಂದ ಅಪೆಂಡಿಕ್ಸ್ ಬರಲ್ಲ ಸಾರ್. ಯಾರಿಗೂ ಏನೂ ಅನ್ಬೇಡಿ. ನಾನಂತೂ ಏನೂ ಹೇಳಿಲ್ಲ" ಎಂದು ಹೋದರು.

ಮಗಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಹೆಂಡತಿಗೆ ಫೋನು ಮಾಡಿದೆ. ಅವಳು ಅಳುತ್ತಿದ್ದಳು. ಮಾತು ಮುಂದುವರಿಸಲಾಗದಷ್ಟು ಅಳು.

"ಡಾಕ್ಟ್ರು ಏನಂದ್ರು, ಹೇಳಿ."

"ಗೋಬಿಯಿಂದ ಬರಲ್ಲ ಅಂದ್ರು."

ಆ ಕಡೆ ಅಳು ಥಟ್ಟನೆ ನಿಂತಿತು.

ಮರ್ಯಾದೆಯ ಪದ

ಆಪರೇಷನ್ ಆಯಿತು. ಮಾಡಿದವರು ನರೆಗೂದಲಿನ ಹಿರಿಯ ಸರ್ಜನ್. ನಗುವುದು ತಮ್ಮ ವಿಭಾಗಕ್ಕೆ ಸೇರಿದ್ದಲ್ಲ ಎಂಬಂಥ ಮುಖ. ಅವರು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಇಷ್ಟು: "ಒಳಗೆಲ್ಲ ಕೀವಾಗಿತ್ತು, ತೊಳೆದಿದ್ದೀವಿ. ಈಗ ಕರುಳು ನಿದ್ದೆ ಹೋಗಿದೆ. ಅದು ಎಚ್ಚರ ಆಗ್ಬೇಕು. ಗ್ಯಾಸ್ ಹೋದ್ರೆ ಎಚ್ಚರ ಆಯ್ತು ಅಂತ ಲೆಕ್ಕ. ಅಲ್ಲೀವರೆಗೂ ಬಾಯಿಗೆ ಒಂದು ಹನಿ ನೀರೂ ಇಲ್ಲ. ತೀರಾ ತಡ ಆದ್ರೆ ಸ್ಕ್ಯಾನ್ ಮಾಡಿ, ಬೇಕಾದ್ರೆ ಮತ್ತೆ ಹೊಟ್ಟೆ ತೆರೆದು ನೋಡ್ಬೇಕಾಗುತ್ತೆ."

ಮತ್ತೆ ತೆರೆಯುವುದು ಎಂಬ ಮಾತಿನ ನಂತರ ಅವರು ಹೇಳಿದ್ದೇನೂ ನನ್ನ ಕಿವಿಗೆ ಬೀಳಲಿಲ್ಲ.

ಗ್ಯಾಸ್ ಎಂದರಲ್ಲ, ಆ ವಿಷಯಕ್ಕೆ ನಮ್ಮ ಮನೆಯಲ್ಲಿ ಪದವೇ ಇಲ್ಲ. ನನ್ನ ತಂದೆಯವರ ಕಾಲದಿಂದಲೂ ಇಲ್ಲ. ಮಗಳು ಚಿಕ್ಕವಳಿದ್ದಾಗ ಒಮ್ಮೆ ನೆಂಟರ ನಡುವೆ ಸದ್ದಾಗಿ, ಎಲ್ಲರೂ ಅವಳ ಕಡೆ ತಿರುಗಿ, ಅವಳ ತುಟಿ ನಡುಗತೊಡಗಿತು. ನಾನು ಪುಸ್ತಕದಿಂದ ತಲೆಯೆತ್ತಿ, "ಕ್ಷಮಿಸಿ, ನಂದು" ಎಂದೆ. ಅಂದಿನಿಂದ ಅದು ನಮ್ಮಿಬ್ಬರ ನಡುವೆ ಮಾತಿಲ್ಲದ ಒಪ್ಪಂದವಾಯಿತು. ಮದುವೆಮನೆಯಾಗಲಿ, ಲಿಫ್ಟಾಗಲಿ, ಸದ್ದು ಅವಳದು, ಕ್ಷಮೆ ನನ್ನದು. ಬಂಧುಗಳಲ್ಲಿ ನನ್ನ ಜೀರ್ಣಶಕ್ತಿಯ ಬಗ್ಗೆ ಒಳ್ಳೆಯ ಅಭಿಪ್ರಾಯವಿಲ್ಲ.

ಅಂಥ ಮನೆಯ ನಾನು ಈಗ ಹಗಲೂ ಇರುಳೂ ಅದಕ್ಕಾಗಿಯೇ ಕಾಯಬೇಕಾಯಿತು. ಸಿಸ್ಟರ್ ಬಂದು ಕೇಳಿದಾಗ, ಇಷ್ಟು ವರ್ಷ ಓದಿದ್ದರಲ್ಲಿ ಹುಡುಕಿ, ತಗ್ಗಿದ ದನಿಯಲ್ಲಿ, "ಅಪಾನವಾಯು ಇನ್ನೂ ಆಗಿಲ್ಲ" ಎಂದೆ.

ಸಿಸ್ಟರ್ ಅದನ್ನು ಯಾವುದೋ ಕಾಯಿಲೆಯೆಂದುಕೊಂಡು ಗಾಬರಿಯಾದರು. "ಅದು ಯಾವಾಗಿಂದ ಸಾರ್? ಮೊದ್ಲೇ ಹೇಳ್ಬಾರ್ದಾ? ಅದಕ್ಕೆ ಮಾತ್ರೆ ಏನಾದ್ರೂ ಕೊಡ್ತಿದ್ರಾ?"

ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದ ಒಬ್ಬ ಪುಟ್ಟ ಹುಡುಗನಿದ್ದ. ಅವನ ಅಪ್ಪ ಅಮ್ಮ ಬಿಟಿಎಂನಲ್ಲಿ ಬಾಡಿಗೆಗಿದ್ದು ಕೆಲಸಕ್ಕೆ ಹೋಗುವವರು. ಕಾಯಲು ವಿಜಯಪುರದ ಕಡೆಯಿಂದ ಅಜ್ಜಿ ಬಂದಿದ್ದರು. ಅಜ್ಜಿ ನನ್ನ ನೆರವಿಗೆ ಬಂದರು. "ಏ ತಂಗಿ, ಹುಡುಗಿ ಇನ್ನೂ ಹೂಸ್ ಬಿಟ್ಟಿಲ್ಲ ಅನ್ನಾಕತ್ಯಾನ."

ಆಮೇಲೆ ನನ್ನ ಕಡೆ ತಿರುಗಿ, "ಯಾಕ ತಮ್ಮಾ, ಅದಕ್ಕೂ ಸಂಸ್ಕೃತ ಬೇಕೇನು?" ಎಂದರು.

ಅಂದಿನಿಂದ ಅವರು ಕಣ್ಣು ಬಿಟ್ಟೊಡನೆ ವಾರ್ಡಿಗೆಲ್ಲ ಕೇಳುವಂತೆ ಅದೇ ಪ್ರಶ್ನೆ ಕೇಳುತ್ತಿದ್ದರು. ಉಳಿದ ಹಾಸಿಗೆಗಳವರೂ ಕಾಫಿ ತರಲು ಹೋಗುವಾಗ ಬರುವಾಗ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಎಲ್ಲರ ಮುಖ ಬಾಡುತ್ತಿತ್ತು. ನನ್ನ ಮಗಳ ಪರೀಕ್ಷೆಯ ಅಂಕಗಳಿಗೆ ಕೂಡ ಯಾರೂ ಹಾಗೆ ಕಾದದ್ದಿಲ್ಲ.

ಅತ್ತೆಯ ಕಥೆ

ನಮ್ಮ ಜನ ರೋಗಿಯನ್ನು ನೋಡಲು ಬರಿಗೈಯಲ್ಲಿ ಬರುವುದಿಲ್ಲ. ವಸಂತಪುರದಿಂದ ನನ್ನ ಅಕ್ಕ ಬಂದಳು. ಮಗುವಿಗೆ ನೀರೂ ಇಲ್ಲವೆಂದು ಫೋನಿನಲ್ಲಿ ಹೇಳಿದ್ದೆ. "ಗೊತ್ತು ಕಣೋ, ಅದಕ್ಕೇ ಲೈಟಾಗಿ ತಂದಿದ್ದೀನಿ" ಎಂದು ಇಡ್ಲಿ, ಚಟ್ನಿ, ಬಿಸಿ ಸಾರು ತೆಗೆದಳು. ಸಿಸ್ಟರ್ ಕಣ್ಣು ಬಿಟ್ಟದ್ದೇ ತಡ, ಎಲ್ಲ ಮತ್ತೆ ಚೀಲದೊಳಗೆ ಹೋಯಿತು.

ಮಗಳ ಮೂಗಿನಲ್ಲಿ ನಳಿಕೆ. ತುಟಿ ಒಣಗಿ ಬಿರಿದಿತ್ತು. ನಾನು ಹತ್ತಿ ಒದ್ದೆ ಮಾಡಿ ಆಗಾಗ ಒರೆಸುತ್ತಿದ್ದೆ. ಅವಳು ಕೇಳಿದಳು: "ಅತ್ತೆ, ಸಾರು ಹೆಂಗೆ ಮಾಡಿದ್ರಿ?"

ಅಕ್ಕ ನನ್ನ ಮುಖ ನೋಡಿದಳು. ಬೇಡವೆಂದು ಸನ್ನೆ ಮಾಡಿದೆ. ಆದರೆ ಮಗಳು ಬಿಡಲಿಲ್ಲ. ಅಕ್ಕ ಹೇಳತೊಡಗಿದಳು: ಬೇಳೆ ಬೇಯಿಸಿದ್ದು, ಟೊಮೇಟೊ ಕಿವುಚಿದ್ದು, ಮೆಣಸು ಜೀರಿಗೆ ಹುರಿದು ಕುಟ್ಟಿದ್ದು. ಮಗಳು ಕಣ್ಣು ಮುಚ್ಚಿ ಕೇಳಿದಳು, ಮಲಗುವಾಗ ಕಥೆ ಕೇಳುವ ಹಾಗೆ.

"ಒಗ್ಗರಣೆ ಹಾಕಿದ್ದು ಇನ್ನೊಂದ್ಸಲ ಹೇಳಿ ಅತ್ತೆ. ನಿಧಾನವಾಗಿ."

ಅಕ್ಕ ತುಪ್ಪ ಕಾಯಿಸಿ, ಸಾಸಿವೆ ಚಟಪಟ ಅನ್ನಿಸಿ, ಕರಿಬೇವಿನ ಹತ್ತಿರ ಬರುವಷ್ಟರಲ್ಲಿ ನಿಲ್ಲಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಗಳು ಕಣ್ಣು ತೆರೆದಳು. "ಇಂಗು ಬಿಟ್ರಿ ಅತ್ತೆ."

ಆ ಇಡ್ಲಿಗಳನ್ನು ಹಿಂದಕ್ಕೆ ಒಯ್ಯುವುದಿಲ್ಲವೆಂದು ಅಕ್ಕ ಹಟ ಹಿಡಿದಳು. ಕೆಳಗೆ ಹೋಗಿ, ಗಾಡಿ ನಿಲ್ಲಿಸುವ ಜಾಗದಲ್ಲಿ ನಿಂತು, ಅಪರಾಧಿಯಂತೆ ತಿಂದೆ. ಕೈ ತೊಳೆದು, ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಗಾಳಿಗೆ ನಿಂತು ಮೇಲೆ ಬಂದೆ. ಮಗಳ ಹತ್ತಿರ ಬಗ್ಗಿ ಹೊದಿಕೆ ಸರಿಮಾಡಿದೆ.

"ಅಪ್ಪ, ಚಟ್ನಿಗೆ ಶುಂಠಿ ಜಾಸ್ತಿ ಆಗಿತ್ತಾ?"

ಸಂಕಲ್ಪ

ನನ್ನ ತಾಯಿ ಮನೆ ಹತ್ತಿರದ ಈಶ್ವರನ ಗುಡಿಗೆ ಹೋಗಿ ಮೊಮ್ಮಗಳ ಹೆಸರಲ್ಲಿ ಅಭಿಷೇಕ ಮಾಡಿಸಿದರು. ಅವರೂ ನಮ್ಮ ಮನೆಯವರೇ, ಪದವಿಲ್ಲದವರು. ಅರ್ಚಕರು ಹೊಸಬರು. ಹೆಸರು, ನಕ್ಷತ್ರ ಕೇಳಿ, "ಯಾವ ಕಾರ್ಯಕ್ಕೆ ಅಂತ ಸಂಕಲ್ಪ ಮಾಡ್ಲಿ ತಾಯಿ?" ಎಂದರು.

ಅಮ್ಮ ತುಂಬ ಯೋಚಿಸಿ ಹೇಳಿದರಂತೆ: "ಆಗ್ಬೇಕಾದ್ದು ಆಗ್ಲಿ, ಬೇಗ ಆಗ್ಲಿ ಅಂತ ಮಾಡಿ ಸ್ವಾಮಿ. ಎಲ್ಲರೂ ಕಾಯ್ತಾ ಇದ್ದೀವಿ. ನಾಲ್ಕು ಜನರ ಮುಂದೆ ಹೇಳೋಕೆ ಸಂಕೋಚ."

ಅರ್ಚಕರು ಅರ್ಥವಾಯಿತೆಂದು ತಲೆದೂಗಿ, ದೀರ್ಘವಾಗಿ ಮಂತ್ರ ಹೇಳಿ, ಪ್ರಸಾದ ಕೊಡುವಾಗ ಮೆಲ್ಲಗೆ ವಿಚಾರಿಸಿದರು: "ಹುಡುಗ ಗೊತ್ತಾಗಿದ್ದಾನಾ?"

ನಂದು

ಕೊನೆಗೆ ಸರ್ಜನ್ ಹೇಳಿಬಿಟ್ಟರು. ನಾಳೆ ಬೆಳಿಗ್ಗೆ ತಾವು ಬರುವಷ್ಟರಲ್ಲಿ ಆಗದಿದ್ದರೆ ಸ್ಕ್ಯಾನ್, ಬಹುಶಃ ಮತ್ತೆ ಆಪರೇಷನ್ ಥಿಯೇಟರ್.

ಬೆಳಿಗ್ಗೆ ಮಗಳು ನನ್ನ ಅಂಗಿಯ ತೋಳು ಹಿಡಿದುಕೊಂಡು ಕೇಳಿದಳು: "ಅಪ್ಪ, ಮತ್ತೆ ಹೊಟ್ಟೆ ಕುಯ್ತಾರಾ?"

"ಇಲ್ಲ" ಎಂದೆ. ಮೊಣಕಾಲ ಮೇಲೆ ದಪ್ಪ ಪುಸ್ತಕವೊಂದು ತೆರೆದಿತ್ತು. ಬಂದ ದಿನದಿಂದ ಅದೇ ಪುಟ.

ಸರ್ಜನ್ ಕಿರಿಯ ಡಾಕ್ಟರುಗಳ ಜೊತೆ ಬಂದರು. ನನ್ನ ಮುಖ ನೋಡಿಯೇ ಉತ್ತರ ತಿಳಿದುಕೊಂಡರು. ನಮಗೆ ಬೆನ್ನು ಮಾಡಿ, ಕಿಟಕಿಯ ಬೆಳಕಿಗೆ ಹಿಂದಿನ ಎಕ್ಸ್‌ರೇ ಹಿಡಿದು ನೋಡತೊಡಗಿದರು. ವಾರ್ಡೆಲ್ಲ ಮೌನ.

ಆ ಮೌನದಲ್ಲಿ ಸದ್ದಾಯಿತು. ಚಿಕ್ಕದು, ಆದರೆ ಸ್ಪಷ್ಟ.

ಎಲ್ಲರೂ ಒಟ್ಟಿಗೆ ತಿರುಗಿದರು. ಮಗಳ ಮುಖ ಕೆಂಪಾಯಿತು, ತುಟಿ ನಡುಗಿತು. ಅದನ್ನು ಕಂಡದ್ದೇ, ವರ್ಷಗಳಿಂದ ಪಳಗಿದ ನನ್ನ ನಾಲಿಗೆ ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು:

"ಕ್ಷಮಿಸಿ ಡಾಕ್ಟ್ರೇ, ನಂದು."

ಸರ್ಜನ್ ಮುಖದಲ್ಲಿ ಒಂದು ಕ್ಷಣ ಹತ್ತಿದ್ದ ಬೆಳಕು ಆರಿತು. "ಪರ್ವಾಗಿಲ್ಲ" ಎಂದು ನಿಟ್ಟುಸಿರಿಟ್ಟು, ಕಿರಿಯರ ಕಡೆ ತಿರುಗಿ, "ಸ್ಕ್ಯಾನ್‌ಗೆ ಕರ್ಕೊಂಡು ಹೋಗಿ" ಎಂದರು.

ಆಗ ನನಗೆ ನಾನೇನು ಮಾಡಿದೆನೆಂದು ಹೊಳೆಯಿತು. ಪುಸ್ತಕ ಕೆಳಗೆ ಬಿತ್ತು. "ಇಲ್ಲ ಡಾಕ್ಟ್ರೇ, ತಾಳಿ. ಅದು ನಂದಲ್ಲ!"

"ಈಗ ತಾನೇ ನಿಮ್ದು ಅಂದ್ರಿ?"

"ಅಂದೆ. ಅದು... ಅಭ್ಯಾಸ."

ಅವರು ನನ್ನ ಹತ್ತಿರ ಬಂದು, ಮೊದಲ ಸಲ ಮೃದುವಾಗಿ ಮಾತಾಡಿದರು. "ನಿಮ್ಮ ಸಂಕಟ ಅರ್ಥ ಆಗುತ್ತೆ. ಆಪರೇಷನ್ ತಪ್ಪಿಸೋಕೆ ಯಾವ ತಂದೆ ಆದ್ರೂ ಹೀಗೆ ಹೇಳ್ಬಹುದು. ಆದ್ರೆ ಇದ್ರಲ್ಲಿ ಸುಳ್ಳು ಬೇಡ." ಆಮೇಲೆ ಮಗಳ ಕಡೆ ಬಗ್ಗಿದರು. "ನೀನು ಹೇಳು ಪುಟ್ಟಾ. ಯಾರದು?"

ಮಗಳು ನನ್ನನ್ನು ನೋಡಿದಳು. ಕಿರಿಯ ಡಾಕ್ಟರುಗಳನ್ನು, ಸಿಸ್ಟರನ್ನು, ಎಲ್ಲ ಹಾಸಿಗೆಗಳನ್ನು ನೋಡಿದಳು. ಒಪ್ಪಂದಕ್ಕೆ ನಿಷ್ಠಳಾಗಿ ಹೇಳಿದಳು:

"ಅಪ್ಪಂದು."

ವಾರ್ಡಿನಲ್ಲಿ ಸಾಕ್ಷಿ ಹೇಳುವವರು ಯಾರೂ ಇಲ್ಲವೆನಿಸಿತು. ಆಗ ಪಕ್ಕದ ಹಾಸಿಗೆಯಿಂದ ಅಜ್ಜಿ ಎದ್ದು ನಿಂತರು.

"ಏನ್ ಡಾಕ್ಟರ ಅದೀಯೋ ಯಪ್ಪಾ! ಬಂದಾಗಿಂದ ನೋಡಾಕತ್ತೀನಿ, ಈ ಮನಿಷ್ಯಾ ಬಾಯಿಂದನ ಸಪ್ಪಳ ಮಾಡಂಗಿಲ್ಲ. ಅಲ್ಲಿಂದ ಮಾಡ್ತಾನೇನು?"

ಮೊದಲು ಸಿಸ್ಟರ್ ನಕ್ಕರು. ಆಮೇಲೆ ಕಿರಿಯ ಡಾಕ್ಟರುಗಳು. ಆಮೇಲೆ ವಾರ್ಡಿಗೆ ವಾರ್ಡೇ. ಮಗಳು ನಗಬಾರದೆಂದು ಹೊಲಿಗೆಯ ಮೇಲೆ ಎರಡೂ ಕೈ ಒತ್ತಿ ಹಿಡಿದಳು, ತಡೆಯಲಾಗದೆ ನಕ್ಕಳು. ನಕ್ಕ ರಭಸಕ್ಕೆ ಮತ್ತೊಂದು ಸದ್ದಾಯಿತು. ಈ ಸಲ ಸಂದೇಹಕ್ಕೆ ಎಡೆಯೇ ಇರಲಿಲ್ಲ. ಕಾರಿಡಾರಿನವರೂ ಇಣುಕಿದರು.

ಸರ್ಜನ್ ಆದರೂ ಮೊದಲು ನನ್ನನ್ನೇ ನೋಡಿದರು. ನಾನು ತುಟಿ ಬಿಗಿಹಿಡಿದು ಸುಮ್ಮನೆ ನಿಂತೆ. ನನ್ನ ಬದುಕಿನಲ್ಲಿ ಸುಮ್ಮನಿರುವುದು ಅಷ್ಟು ಕಷ್ಟವಾದದ್ದು ಅದೊಂದೇ ಸಲ.

"ನಂದು" ಎಂದಳು ಮಗಳು, ತೀರ ಸಣ್ಣ ದನಿಯಲ್ಲಿ.

ಸರ್ಜನ್ ಸ್ಟೆತಾಸ್ಕೋಪು ಹೊಟ್ಟೆಯ ಮೇಲಿಟ್ಟು ಬಹಳ ಹೊತ್ತು ಕೇಳಿದರು. ಅವರ ಮುಖದಲ್ಲಿ ನಗುವಿನಂಥದ್ದೇನೋ ಮೂಡಿತು. "ಎಚ್ಚರ ಆಗಿದೆ. ಸ್ಕ್ಯಾನ್ ಬೇಡ. ಒಂದೊಂದೇ ಚಮಚ ನೀರು ಕೊಡಿ" ಎಂದರು. ಹೋಗುವಾಗ ಸಿಸ್ಟರಿಗೆ ಹೇಳಿದ್ದು ನನಗೂ ಕೇಳಿಸಿತು: "ಇನ್ಮೇಲೆ ಏನು ಕೇಳೋದಿದ್ರೂ ಆ ಅಜ್ಜೀನ ಕೇಳಿ."

ಚಮಚದಲ್ಲಿ ನೀರು ಹಿಡಿದೆ. ಅರ್ಧ ಹೊದಿಕೆಯ ಮೇಲೆ ಚೆಲ್ಲಿತು. ಉಳಿದರ್ಧವನ್ನು ಮಗಳು ಬಾಯಲ್ಲಿ ಇಟ್ಟುಕೊಂಡು, ಬೇಗ ನುಂಗಲು ಮನಸ್ಸಿಲ್ಲದೆ, ನನ್ನನ್ನೇ ನೋಡುತ್ತಿದ್ದಳು. ನುಂಗಿದ ಮೇಲೆ ಹತ್ತಿರ ಬಾ ಎಂದು ಸನ್ನೆ ಮಾಡಿದಳು. ಬಗ್ಗಿದೆ.

"ಅಪ್ಪ, ಮನೆಗೆ ಹೋದ್ಮೇಲೆ ಮತ್ತೆ ನಿಂದೇ. ಆಯ್ತಾ?"

ಆಯ್ತು ಎಂದೆ.